ಸುದ್ದಿಗೆ ಬೆಲೆ ಕಟ್ಟಿದ ಮಾರ್ಕ್ ಥಾಂಪ್ಸನ್

2012ರ ನವೆಂಬರ್ 10, ಶನಿವಾರ ರಾತ್ರಿ. ಲಂಡನ್ನಿನ ಬಿಬಿಸಿ ಕಚೇರಿಯ ಹೊರಗೆ ನಿಂತು ಮಹಾನಿರ್ದೇಶಕ ಜಾರ್ಜ್ ಎಂಟ್‌ವಿಸಲ್ ತಮ್ಮ ರಾಜೀನಾಮೆ ಘೋಷಿಸಿದರು. ಆ ಹುದ್ದೆಗೆ ಬಂದು ಅವರಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಮಕ್ಕಳ ಮೇಲೆ ದಶಕಗಟ್ಟಲೆ ದೌರ್ಜನ್ಯ ಎಸಗಿದ ಜಿಮ್ಮಿ ಸ್ಯಾವಿಲ್ ಎಂಬ ತನ್ನದೇ ತಾರೆಯ ಬಗ್ಗೆ ಸಂಸ್ಥೆ ಸುಮ್ಮನಿತ್ತು ಎಂಬ ಆಕ್ರೋಶ ಒಂದು ಕಡೆ. ಹಿರಿಯ ರಾಜಕಾರಣಿಯೊಬ್ಬರತ್ತ ತಪ್ಪಾಗಿ ಬೆರಳು ಹೋಗುವಂತೆ ಮಾಡಿದ 'ನ್ಯೂಸ್‌ನೈಟ್' ವರದಿ ಇನ್ನೊಂದು ಕಡೆ. ಎರಡರ ನಡುವೆ ಸಿಕ್ಕಿ ಅವರು ಹೊರನಡೆದರು.

ಸೋಮವಾರ, ನವೆಂಬರ್ 12ರ ಬೆಳಿಗ್ಗೆ, ಅಟ್ಲಾಂಟಿಕ್ ಸಾಗರದ ಆಚೆ ನ್ಯೂಯಾರ್ಕಿನ ಎಂಟನೇ ಅವೆನ್ಯೂದಲ್ಲಿ ಇನ್ನೊಬ್ಬರು ಹೊಸ ಕೆಲಸಕ್ಕೆ ಹಾಜರಾದರು. ಎಂಟ್‌ವಿಸಲ್‌ಗಿಂತ ಮೊದಲು ಅದೇ ಬಿಬಿಸಿಯ ಅದೇ ಕುರ್ಚಿಯಲ್ಲಿ ಎಂಟು ವರ್ಷ ಕೂತಿದ್ದ ಮಾರ್ಕ್ ಥಾಂಪ್ಸನ್ ಅವರು. ಈಗ 'ನ್ಯೂಯಾರ್ಕ್ ಟೈಮ್ಸ್' ಕಂಪನಿಯ ಅಧ್ಯಕ್ಷ ಮತ್ತು ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಅವರನ್ನು ಈ ಹುದ್ದೆಗೆ ತಂದದ್ದು ಸರಿಯೇ ಎಂದು ಬಹಿರಂಗವಾಗಿ ಕೇಳಿದವರಲ್ಲಿ ಅದೇ ಪತ್ರಿಕೆಯ ಓದುಗರ ಪರ ಸಂಪಾದಕಿ ಮಾರ್ಗರೆಟ್ ಸುಲಿವಾನ್ ಕೂಡ ಇದ್ದರು. ತಮ್ಮ ಕಂಪನಿಯ ಮುಖ್ಯಸ್ಥರಾಗಲಿರುವವರ ಬಗ್ಗೆ ತಮ್ಮದೇ ಪತ್ರಿಕೆಯಲ್ಲಿ ಹಾಗೆ ಬರೆಯುವ ಸ್ವಾತಂತ್ರ್ಯ ಆ ಹುದ್ದೆಗೆ ಆಗ ಇತ್ತು.

ಟಿವಿಯಲ್ಲಿ ಸುದ್ದಿ ಓದುವವರ ಮುಖ ನಮಗೆಲ್ಲ ಗೊತ್ತು. ಅವರ ಧ್ವನಿ, ಅವರ ಸಿಟ್ಟು, ಅವರು ಕೈಬೀಸುವ ರೀತಿ ಮನೆಮಾತು. ಆ ಮುಖಗಳ ಹಿಂದೆ ಕೂತು ಈ ಸುದ್ದಿಗೆ ಹಣ ಎಲ್ಲಿಂದ ಬರಬೇಕು, ಎಷ್ಟು ಜನ ವರದಿಗಾರರು ಇರಬೇಕು, ಯಾವ ವಿಭಾಗ ಮುಚ್ಚಬೇಕು ಎಂದು ತೀರ್ಮಾನಿಸುವವರ ಹೆಸರು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ನಾವು ನೋಡುವ, ಓದುವ ಸುದ್ದಿಯ ಸ್ವಭಾವ ಬಹುಮಟ್ಟಿಗೆ ಅವರ ಕೋಣೆಯಲ್ಲಿ ನಿರ್ಧಾರವಾಗುತ್ತದೆ ಎಂದು ನಾನು ನಂಬಿದ್ದೇನೆ. ಥಾಂಪ್ಸನ್ ಅವರ ಬದುಕನ್ನು ಇಲ್ಲಿ ಬಿಡಿಸಿಡಲು ಅದೇ ಕಾರಣ. ಹಣದ ಮೂಲ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಮಹಾಸಂಸ್ಥೆಗಳನ್ನು ನಡೆಸಿದವರು ಅವರು. ಬಿಬಿಸಿಗೆ ಬ್ರಿಟನ್ನಿನ ಪ್ರತಿ ಟಿವಿ ಮನೆ ಕಟ್ಟುವ ಲೈಸೆನ್ಸ್ ಶುಲ್ಕ, ನ್ಯೂಯಾರ್ಕ್ ಟೈಮ್ಸ್‌ಗೆ ಓದುಗರ ಚಂದಾ, ಸಿಎನ್‌ಎನ್‌ಗೆ ಕೇಬಲ್ ಕಂಪನಿಗಳು ಕೊಡುವ ಪಾಲು.

ಬುಲೆಟಿನ್‌ನಿಂದ ಮಹಾನಿರ್ದೇಶಕನವರೆಗೆ

1957ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಥಾಂಪ್ಸನ್ ಜೆಸ್ಯೂಟ್ ಪಾದ್ರಿಗಳ ಸ್ಟೋನಿಹರ್ಸ್ಟ್ ಶಾಲೆಯಲ್ಲಿ ಕಲಿತು, ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. 1979ರಲ್ಲಿ ತರಬೇತಿಯ ನೌಕರನಾಗಿ ಬಿಬಿಸಿ ಸೇರಿದರು. ಗ್ರಾಹಕರ ದೂರುಗಳನ್ನು ಹಿಡಿದು ಹೊರಟ 'ವಾಚ್‌ಡಾಗ್', ಬೆಳಗಿನ 'ಬ್ರೇಕ್‌ಫಾಸ್ಟ್ ಟೈಮ್' ಆರಂಭವಾದಾಗ ಆ ತಂಡಗಳಲ್ಲಿದ್ದರು. 1988ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲಿ, ರಾತ್ರಿ ಒಂಬತ್ತರ ಸುದ್ದಿಯ ಸಂಪಾದಕರಾದರು. ಬ್ರಿಟನ್ನಿನ ಲಕ್ಷಾಂತರ ಜನ ಊಟ ಮುಗಿಸಿ ಎದುರು ಕೂರುತ್ತಿದ್ದ ಬುಲೆಟಿನ್ ಅದು. ಮರುವರ್ಷವೇ ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ಟ್ಯಾಂಕುಗಳು ಓಡಿದವು, ಬರ್ಲಿನ್ ಗೋಡೆ ಬಿತ್ತು. ಒಬ್ಬ ಸುದ್ದಿ ಸಂಪಾದಕನ ಪಾಲಿಗೆ ಅಂಥ ವರ್ಷ ಶತಮಾನಕ್ಕೊಮ್ಮೆ ಬಂದರೆ ಹೆಚ್ಚು. ಮುಂದೆ ಲೆಕ್ಕಪತ್ರದ ಮನುಷ್ಯ ಎಂದು ಹೆಸರಾದವರು ಸುದ್ದಿಯ ಬಿಸಿಯನ್ನು ಹತ್ತಿರದಿಂದಲೇ ಉಂಡವರು ಎಂಬುದು ಮುಖ್ಯ. 1990ರಲ್ಲಿ 'ಪನೋರಮಾ' ಸಂಪಾದಕ, 1996ರಲ್ಲಿ ಬಿಬಿಸಿ ಟೂ ಮುಖ್ಯಸ್ಥ, 2000ದಲ್ಲಿ ಇಡೀ ಟಿವಿ ವಿಭಾಗದ ನಿರ್ದೇಶಕ. 2002ರಲ್ಲಿ ಅವರು ಬಿಬಿಸಿ ಬಿಟ್ಟು ಚಾನೆಲ್ 4ರ ಮುಖ್ಯಸ್ಥರಾದರು.

ಚಾನೆಲ್ 4 ವಿಚಿತ್ರ ಸಂಸ್ಥೆ. ಒಡೆತನ ಸಾರ್ವಜನಿಕರದ್ದು, ಹೊಟ್ಟೆಪಾಡು ಜಾಹೀರಾತಿನದ್ದು. ಥಾಂಪ್ಸನ್ ಹೋದಾಗ ಅದು ನಷ್ಟದಲ್ಲಿತ್ತು. ಅವರು ಸ್ವತಂತ್ರ ಕಂಪನಿಯಂತೆ ನಡೆಯುತ್ತಿದ್ದ ಸಿನಿಮಾ ಘಟಕ ಫಿಲ್ಮ್‌ಫೋರ್ ಅನ್ನು ಮುಚ್ಚಿ ಚಾನೆಲ್ಲಿನೊಳಕ್ಕೆ ಸೇರಿಸಿದರು, ಹುದ್ದೆಗಳನ್ನು ಕಡಿತಗೊಳಿಸಿದರು, ಲೆಕ್ಕ ಸರಿದೂಗಿಸಿದರು. ಕೈಯಲ್ಲಿ ಕತ್ತರಿ ಹಿಡಿದೇ ಒಳಬರುವವರು ಎಂಬ ಮಾತು ಅವರ ಬೆನ್ನು ಹತ್ತಿದ್ದು ಅಲ್ಲಿಂದ.

2004ರ ಜನವರಿ ಬಿಬಿಸಿಯ ಚರಿತ್ರೆಯಲ್ಲೇ ಕೆಟ್ಟ ತಿಂಗಳುಗಳಲ್ಲೊಂದು. ಇರಾಕ್ ಯುದ್ಧಕ್ಕೆ ಮುನ್ನ ಸರ್ಕಾರ ಹೊರತಂದ ಗುಪ್ತಚರ ದಾಖಲೆಯನ್ನು ಉತ್ಪ್ರೇಕ್ಷಿಸಲಾಗಿತ್ತು ಎಂಬ ರೇಡಿಯೊ ವರದಿ, ಅದರ ಮೂಲವಾಗಿದ್ದ ವಿಜ್ಞಾನಿ ಡೇವಿಡ್ ಕೆಲ್ಲಿ ಅವರ ಸಾವು, ಆಮೇಲೆ ಲಾರ್ಡ್ ಹಟನ್ ವಿಚಾರಣೆ. ಜ. 28ರಂದು ಬಂದ ಹಟನ್ ವರದಿ ಬಿಬಿಸಿಯನ್ನೇ ದೂಷಿಸಿತು. ಅಧ್ಯಕ್ಷ ಗ್ಯಾವಿನ್ ಡೇವಿಸ್, ಮಹಾನಿರ್ದೇಶಕ ಗ್ರೆಗ್ ಡೈಕ್ ಇಬ್ಬರೂ ಎರಡು ದಿನದೊಳಗೆ ಹೋದರು. ಡೈಕ್ ಅವರನ್ನು ಉಳಿಸಿಕೊಳ್ಳಿ ಎಂದು ನೌಕರರು ಬೀದಿಗೆ ಬಂದಿದ್ದರು. ಆ ಗಾಯದ ಮೇಲೆ ಜೂನಿನಲ್ಲಿ ಥಾಂಪ್ಸನ್ ಬಂದು ಕೂತರು.

ಮುಂದಿನ ವರ್ಷವೇ ಅವರು 3,700ಕ್ಕೂ ಹೆಚ್ಚು ಹುದ್ದೆಗಳ ಕಡಿತ ಪ್ರಕಟಿಸಿದರು. 2005ರ ಮೇ ತಿಂಗಳಲ್ಲಿ ನೌಕರರು ಒಂದು ದಿನದ ಮುಷ್ಕರ ಹೂಡಿದರು. ನೇರ ಕಾರ್ಯಕ್ರಮಗಳು ನಿಂತವು, ಪ್ರಸಿದ್ಧ ನಿರೂಪಕರು ಮುಷ್ಕರದ ಸಾಲು ದಾಟಲು ಒಪ್ಪಲಿಲ್ಲ. ಡೈಕ್ ಅವರನ್ನು ಪ್ರೀತಿಸಿದ ಹಾಗೆ ಥಾಂಪ್ಸನ್ ಅವರನ್ನು ಬಿಬಿಸಿ ನೌಕರರು ಯಾವತ್ತೂ ಪ್ರೀತಿಸಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಳಗಿನವರ ಕೆಲಸ ಹೋಗುತ್ತಿದ್ದ ವರ್ಷಗಳಲ್ಲಿ ಮಹಾನಿರ್ದೇಶಕರ ವಾರ್ಷಿಕ ಗಳಿಕೆ 8 ಲಕ್ಷ ಪೌಂಡ್ ದಾಟಿತ್ತು. ಹೊರಹೋದ ಹಿರಿಯ ಅಧಿಕಾರಿಗಳಿಗೆ ಕೊಟ್ಟ ಪರಿಹಾರವೂ ಭಾರಿಯಾಗಿತ್ತು. ಉಪ ಮಹಾನಿರ್ದೇಶಕ ಮಾರ್ಕ್ ಬೈಫರ್ಡ್‌ಗೆ ಸಂದದ್ದು ಹತ್ತಿರ ಹತ್ತಿರ 10 ಲಕ್ಷ ಪೌಂಡ್. ಈ ಹಣದ ಲೆಕ್ಕ ಕೊಡಲು 2013ರ ಸೆಪ್ಟೆಂಬರಿನಲ್ಲಿ ಥಾಂಪ್ಸನ್ ನ್ಯೂಯಾರ್ಕಿನಿಂದ ಲಂಡನ್ನಿಗೆ ಬಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಗಂಟೆಗಟ್ಟಲೆ ಕೂರಬೇಕಾಯಿತು. ಜನರ ಶುಲ್ಕದಿಂದ ನಡೆಯುವ ಸಂಸ್ಥೆಯಲ್ಲಿ ಇಂಥ ಪರಿಹಾರ ಕೊಟ್ಟದ್ದು ತಪ್ಪು. ಅವರು ಮುಂದಿಟ್ಟ ಸಮರ್ಥನೆ ಓದಿದ ಮೇಲೂ ನನಗೆ ಹಾಗೆಯೇ ಅನ್ನಿಸುತ್ತದೆ.

ಕ್ರಿಸ್ಮಸ್ ದಿನದ ಐಪ್ಲೇಯರ್

ಅದೇ ಅವಧಿಯಲ್ಲಿ ಬಿಬಿಸಿಯೊಳಗೆ ಇನ್ನೊಂದು ಕೆಲಸ ನಡೆದಿತ್ತು. ಪ್ರಸಾರವಾದ ಕಾರ್ಯಕ್ರಮವನ್ನು ನೋಡುಗ ತನಗೆ ಬೇಕಾದ ಹೊತ್ತಿಗೆ ಕಂಪ್ಯೂಟರಿನಲ್ಲಿ ನೋಡುವಂತಾಗಬೇಕು ಎಂಬುದು ಆಸೆ. ವರ್ಷಗಳ ಪ್ರಯೋಗ, ಒಳಜಗಳ, ಒಪ್ಪಿಗೆಗಾಗಿ ಕಾಯುವಿಕೆ ಎಲ್ಲ ಮುಗಿದು 2007ರ ಡಿ. 25ರಂದು ಬಿಬಿಸಿ ಐಪ್ಲೇಯರ್ ವಿಧಿವತ್ತಾಗಿ ಶುರುವಾಯಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಅಂತರ್ಜಾಲದಲ್ಲಿ ಸಿನಿಮಾ ತೋರಿಸಲು ಹೊರಟದ್ದೂ ಅದೇ ವರ್ಷ. ಒಂದು ರಾಜ ಸನ್ನದಿನ ಸಂಸ್ಥೆ ಕಾಲದ ಮುಂಚೂಣಿಯಲ್ಲಿ ಹೆಜ್ಜೆ ಹಾಕಿದ ಅಪರೂಪದ ಘಳಿಗೆ ಅದು.

ಬಿಬಿಸಿ, ಐಟಿವಿ, ಚಾನೆಲ್ 4 ಮೂರೂ ಸೇರಿ 'ಕಾಂಗರೂ' ಹೆಸರಿನ ಜಂಟಿ ವೀಕ್ಷಣಾ ತಾಣ ಕಟ್ಟಲು ಹೊರಟಿದ್ದವು. ಮೂರು ದೊಡ್ಡ ಪ್ರಸಾರಕರು ಒಂದಾದರೆ ಮಾರುಕಟ್ಟೆಯ ಪೈಪೋಟಿಗೆ ಧಕ್ಕೆ ಎಂದು 2009ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸ್ಪರ್ಧಾ ಆಯೋಗ ಅದನ್ನು ತಡೆಯಿತು. ಮೂರು ವರ್ಷ ಕಳೆಯುವುದರೊಳಗೆ, 2012ರ ಜನವರಿಯಲ್ಲಿ, ನೆಟ್‌ಫ್ಲಿಕ್ಸ್ ಬ್ರಿಟನ್ನಿಗೆ ಬಂದಿಳಿಯಿತು. ತನ್ನ ಮನೆಯವರಿಗೆ ಬೇಲಿ ಹಾಕಿ ಹೊರಗಿನವರಿಗೆ ಬಾಗಿಲು ತೆರೆದ ಆ ತೀರ್ಪಿನ ಬಗ್ಗೆ ಬ್ರಿಟಿಷ್ ಟಿವಿ ಲೋಕದಲ್ಲಿ ಇವತ್ತಿಗೂ ಕೊರಗಿದೆ. ಥಾಂಪ್ಸನ್ ಕಾಲದ ಎಲ್ಲ ಡಿಜಿಟಲ್ ಸಾಹಸಗಳೂ ಐಪ್ಲೇಯರ್‌ನಂತೆ ಗೆದ್ದವು ಎಂದೇನಲ್ಲ. ಟೇಪುಗಳ ಜಾಗದಲ್ಲಿ ಇಡೀ ಸಂಸ್ಥೆಯ ದೃಶ್ಯಸಂಗ್ರಹವನ್ನು ಕಂಪ್ಯೂಟರಿಗೆ ತರಲು ಹೊರಟ 'ಡಿಜಿಟಲ್ ಮೀಡಿಯಾ ಇನಿಷಿಯೇಟಿವ್' ಎಂಬ ಯೋಜನೆ ಅವರು ಬಿಟ್ಟುಹೋದ ಮರುವರ್ಷ ರದ್ದಾಯಿತು. ಸುಮಾರು 10 ಕೋಟಿ ಪೌಂಡ್ ನೀರುಪಾಲು.

2010ರ ಮೇ ತಿಂಗಳಲ್ಲಿ ಬಂದ ಹೊಸ ಸರ್ಕಾರ ಉಳಿತಾಯದ ಹಟಕ್ಕೆ ಬಿದ್ದಿತ್ತು. ಲೈಸೆನ್ಸ್ ಶುಲ್ಕವನ್ನು ವರ್ಷಕ್ಕೆ 145.50 ಪೌಂಡಿಗೆ ಆರು ವರ್ಷ ಕಾಲ ಕಟ್ಟಿಹಾಕುವ ಒಪ್ಪಂದ ಅಕ್ಟೋಬರಿನಲ್ಲಿ ಕೆಲವೇ ದಿನಗಳ ಮಾತುಕತೆಯಲ್ಲಿ ಮುಗಿದುಹೋಯಿತು. ಅಲ್ಲಿಯವರೆಗೆ ವಿದೇಶಾಂಗ ಇಲಾಖೆಯ ಹಣದಲ್ಲಿ ನಡೆಯುತ್ತಿದ್ದ ವರ್ಲ್ಡ್ ಸರ್ವಿಸ್‌ನ ಹೊರೆಯೂ 2014ರಿಂದ ಬಿಬಿಸಿಯ ತಲೆಗೇ ಬಂತು. ಈ ಸಂಗತಿ ನಮಗೂ ತಟ್ಟಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಶಾರ್ಟ್‌ವೇವ್ ರೇಡಿಯೊದ ಮುಳ್ಳು ತಿರುಗಿಸಿ ಬಿಬಿಸಿ ಹಿಡಿಯುತ್ತಿದ್ದ ತಲೆಮಾರು ಕರ್ನಾಟಕದಲ್ಲೂ ಇದೆ. ಬಿಬಿಸಿಯ ಭಾರತ ವರದಿಗಾರ ಮಾರ್ಕ್ ಟಲ್ಲಿ ಹೆಸರು ಹಳ್ಳಿಯ ಮೇಷ್ಟ್ರುಗಳಿಗೂ ಗೊತ್ತಿತ್ತು. 1984ರ ಅ. 31ರಂದು ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಆಕಾಶವಾಣಿಗಿಂತ ಗಂಟೆಗಳ ಮೊದಲೇ ಹೇಳಿದ್ದು ಬಿಬಿಸಿ. 2011ರ ಜನವರಿಯಲ್ಲಿ ವರ್ಲ್ಡ್ ಸರ್ವಿಸ್ 650ರಷ್ಟು ಹುದ್ದೆಗಳ ಕಡಿತ ಪ್ರಕಟಿಸಿ, ಐದು ಭಾಷಾ ಸೇವೆಗಳನ್ನು ಪೂರ್ತಿ ಮುಚ್ಚುವುದಾಗಿ ಹೇಳಿತು. ಹಿಂದಿಯ ಶಾರ್ಟ್‌ವೇವ್ ಪ್ರಸಾರವೂ ನಿಲ್ಲಬೇಕಾದ ಪಟ್ಟಿಯಲ್ಲಿತ್ತು. ಉತ್ತರ ಭಾರತದ ಹಳ್ಳಿಗಳಲ್ಲಿ ಕೋಟಿಗೆ ಹತ್ತಿರ ಕೇಳುಗರಿದ್ದ ಸೇವೆ ಅದು. ಪ್ರತಿಭಟನೆ ಎದ್ದ ಮೇಲೆ ಸಂಜೆಯ ಒಂದು ಗಂಟೆಯ ಪ್ರಸಾರ ಉಳಿಯಿತು. 2020ರ ಜನವರಿಯಲ್ಲಿ ಅದೂ ನಿಂತಿತು. ಲಂಡನ್ನಿನ ಮೇಜಿನ ಮೇಲೆ ಕೆಲವೇ ದಿನಗಳಲ್ಲಿ ಮುಗಿದ ಹಣದ ಮಾತು ಬಿಹಾರದ ಕೇಳುಗನ ಕಿವಿಯನ್ನು ಹೀಗೆ ತಲುಪುತ್ತದೆ.

ಆದರೂ 2012ರ ಬೇಸಿಗೆಯಲ್ಲಿ ಥಾಂಪ್ಸನ್ ವಿದಾಯಕ್ಕೆ ತಕ್ಕ ಮೆರುಗೇ ಸಿಕ್ಕಿತು. ಲಂಡನ್ ಒಲಿಂಪಿಕ್ಸಿನ ಪ್ರತಿ ಸ್ಪರ್ಧೆಯನ್ನೂ ಬಿಬಿಸಿ 24 ಡಿಜಿಟಲ್ ವಾಹಿನಿಗಳಲ್ಲಿ ಏಕಕಾಲಕ್ಕೆ ತೋರಿಸಿತು. ಸೆಪ್ಟೆಂಬರಿನಲ್ಲಿ ಅವರು ಹೊರಟರು. ಅಕ್ಟೋಬರಿನ ಮೊದಲ ವಾರ ಐಟಿವಿಯ ಸಾಕ್ಷ್ಯಚಿತ್ರ ಸ್ಯಾವಿಲ್‌ನ ಕೃತ್ಯಗಳನ್ನು ಬಯಲಿಗೆಳೆಯಿತು. ಅದಕ್ಕೂ ಮೊದಲು, 2011ರ ಡಿಸೆಂಬರಿನಲ್ಲಿ, ಸ್ಯಾವಿಲ್ ಬಗ್ಗೆ 'ನ್ಯೂಸ್‌ನೈಟ್' ನಡೆಸುತ್ತಿದ್ದ ತನಿಖೆಯನ್ನು ಪ್ರಸಾರ ಮಾಡದೆ ಕೈಬಿಡಲಾಗಿತ್ತು ಎಂಬುದೂ ಹೊರಬಂತು. ಆಗ ಮಹಾನಿರ್ದೇಶಕರಾಗಿದ್ದವರು ಥಾಂಪ್ಸನ್. ಆರೋಪಗಳ ವಿವರ ತಮಗೆ ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ಬಿಬಿಸಿಯೇ ನೇಮಿಸಿದ ನಿಕ್ ಪೊಲಾರ್ಡ್ ವಿಚಾರಣೆಯೂ ಅವರ ಮೇಲೆ ದೋಷ ಹೊರಿಸಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಮೇಲಿನವರಿಗೆ ಗೊತ್ತಾಗದಿರುವುದೇ ಒಂದು ರೋಗ ಎಂದು ಆ ವಿಚಾರಣೆ ಓದಿದ ಯಾರಿಗೂ ಅನ್ನಿಸದಿರದು.

ಓದುಗನ ಜೇಬಿಗೆ ಕೈಚಾಚಿದ ಪತ್ರಿಕೆ

ಥಾಂಪ್ಸನ್ ಹೋಗುವಾಗ ನ್ಯೂಯಾರ್ಕ್ ಟೈಮ್ಸ್ ನಲುಗಿಹೋಗಿತ್ತು. 2008ರ ಆರ್ಥಿಕ ಕುಸಿತದಲ್ಲಿ ಜಾಹೀರಾತು ಒಣಗಿ, 2009ರಲ್ಲಿ ಮೆಕ್ಸಿಕೊದ ಸಿರಿವಂತ ಕಾರ್ಲೊಸ್ ಸ್ಲಿಮ್ ಅವರಿಂದ 25 ಕೋಟಿ ಡಾಲರ್ ಸಾಲ ಎತ್ತಿತ್ತು. ಆಗಷ್ಟೇ ಕಟ್ಟಿದ್ದ ತನ್ನ ಗಗನಚುಂಬಿ ಕಚೇರಿಯ ಅಂತಸ್ತುಗಳನ್ನೇ ಮಾರಿ, ಅಲ್ಲೇ ಬಾಡಿಗೆಗೆ ಕೂತಿತ್ತು. 2011ರ ಮಾರ್ಚಿನಲ್ಲಿ ಜಾಲತಾಣಕ್ಕೆ ಚಂದಾ ಗೋಡೆ ಕಟ್ಟಿತ್ತು. ತಿಂಗಳಿಗೆ ಇಷ್ಟು ಬರಹ ಉಚಿತ, ಆಮೇಲೆ ಹಣ. ಅಂತರ್ಜಾಲದಲ್ಲಿ ಸುದ್ದಿಗೆ ಯಾರೂ ಕಾಸು ಬಿಚ್ಚುವುದಿಲ್ಲ ಎಂಬ ಮಾತು ಆಗ ಸುದ್ದಿಲೋಕದಲ್ಲಿ ವೇದವಾಕ್ಯದಂತಿತ್ತು. ಗೋಡೆ ಕಟ್ಟಿದ ಕೀರ್ತಿ ಥಾಂಪ್ಸನ್ ಅವರದ್ದಲ್ಲ, ಅವರಿಗಿಂತ ಮುಂಚಿನವರದ್ದು. ಅದರ ಮೇಲೆ ಇಡೀ ಕಂಪನಿಯ ಭಾರ ಹಾಕುವ ಧೈರ್ಯ ಮಾಡಿದವರು ಥಾಂಪ್ಸನ್.

ಮೊದಲು ಅವರು ಮನೆಯ ಭಾರ ಇಳಿಸಿದರು. 1993ರಲ್ಲಿ 110 ಕೋಟಿ ಡಾಲರಿಗೆ ಕೊಂಡಿದ್ದ 'ಬೋಸ್ಟನ್ ಗ್ಲೋಬ್' ಪತ್ರಿಕೆ 2013ರಲ್ಲಿ ಬರೀ 7 ಕೋಟಿ ಡಾಲರಿಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಮುದ್ರಿತ ಪತ್ರಿಕೆಗಳ ಬೆಲೆ ಎಲ್ಲಿಗಿಳಿಯಿತು ಎಂಬುದಕ್ಕೆ ಈ ಎರಡು ಅಂಕಿ ಸಾಕು. ಪ್ಯಾರಿಸ್ಸಿನಿಂದ ಹೊರಡುತ್ತಿದ್ದ 'ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್' ಎಂಬ ಹಳೆಯ ಹೆಸರನ್ನು ಅಳಿಸಿ ಟೈಮ್ಸ್ ಹೆಸರಿಟ್ಟರು. ಒಂದೇ ಪತ್ರಿಕೆ, ಒಂದೇ ಹೆಸರು, ಎಲ್ಲ ಶಕ್ತಿ ಅದರ ಮೇಲೆ.

ಮೊದಲ ಎರಡು ವರ್ಷ ಸುಲಭದ್ದಾಗಿರಲಿಲ್ಲ. 2014ರ ಮೇ ತಿಂಗಳಲ್ಲಿ ಸಂಪಾದಕಿ ಜಿಲ್ ಏಬ್ರಮ್ಸನ್ ಅವರನ್ನು ಪ್ರಕಾಶಕ ಆರ್ಥರ್ ಸುಲ್ಜ್‌ಬರ್ಗರ್ ತೆಗೆದುಹಾಕಿದರು. ಮರುದಿನವೇ ಪತ್ರಿಕೆಯ ಒಳಗಿನ 'ಇನ್ನೊವೇಶನ್ ರಿಪೋರ್ಟ್' ಸೋರಿಕೆಯಾಯಿತು. ಪ್ರಕಾಶಕರ ಮಗ ಎ.ಜಿ. ಸುಲ್ಜ್‌ಬರ್ಗರ್ ಮುಂದಾಳುತನದ ತಂಡ ಬರೆದ, ನೂರು ಪುಟಕ್ಕೆ ತುಸು ಕಡಿಮೆಯ ವರದಿ ಅದು. ನಮ್ಮ ಪತ್ರಿಕೋದ್ಯಮ ಚೆನ್ನಾಗಿದೆ, ಅದನ್ನು ಓದುಗನ ಬಳಿ ಒಯ್ಯುವುದರಲ್ಲಿ ನಾವು ಸೋಲುತ್ತಿದ್ದೇವೆ, ಮೊದಲ ಪುಟದ ಮೋಹದಲ್ಲಿ ಮೊಬೈಲ್ ಮರೆತಿದ್ದೇವೆ ಎಂಬುದು ಅದರ ತಿರುಳು. ಒಂದು ಮಹಾಪತ್ರಿಕೆ ತನ್ನ ಬಗ್ಗೆ ತಾನು ಇಷ್ಟು ನಿಷ್ಠುರವಾಗಿ ಬರೆದುಕೊಂಡದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇದನ್ನು ಇವತ್ತಿಗೂ ಓದಬೇಕು.

2015ರಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು ಒಂದು ಗುರಿ ಬರೆದು ಪ್ರಕಟಿಸಿದರು. ಡಿಜಿಟಲ್ ಆದಾಯ ಆಗ ವರ್ಷಕ್ಕೆ 40 ಕೋಟಿ ಡಾಲರ್, 2020ಕ್ಕೆ ಅದು 80 ಕೋಟಿ ಆಗಬೇಕು. ಗಡುವಿಗೆ ಒಂದು ವರ್ಷ ಮೊದಲೇ, 2019ರಲ್ಲಿ, ಅದು ಕೈಗೂಡಿತು. ಡೊನಾಲ್ಡ್ ಟ್ರಂಪ್ ಗೆದ್ದ 2016ರ ಕೊನೆಯ ಮೂರು ತಿಂಗಳಲ್ಲೇ 2 ಲಕ್ಷ 76 ಸಾವಿರ ಹೊಸ ಸುದ್ದಿ ಚಂದಾದಾರರು ಸೇರಿದರು. ಟ್ರಂಪ್ ಅಲೆ ತಾನಾಗಿ ತಂದದ್ದನ್ನು ಥಾಂಪ್ಸನ್ ಖಾತೆಗೆ ಹಾಕುವುದು ತಪ್ಪು. ಅಲೆ ಬಂದಾಗ ದೋಣಿ ಸಿದ್ಧವಿತ್ತು ಎಂಬುದನ್ನು ಅಲ್ಲಗಳೆಯುವುದೂ ತಪ್ಪು. ಪದಬಂಧಕ್ಕೆ, ಅಡುಗೆಗೆ ಬೇರೆ ಬೇರೆ ಚಂದಾ ಇಟ್ಟರು. 2017ರ ಆರಂಭದಲ್ಲಿ ಹೊರಟ 'ದಿ ಡೈಲಿ' ಎಂಬ ಪಾಡ್‌ಕಾಸ್ಟ್ ಪತ್ರಿಕೆಯನ್ನು ಕಣ್ಣಿಂದ ಕಿವಿಗೆ ದಾಟಿಸಿತು. ಕಾಗದದ ಪತ್ರಿಕೆಗೆ ಅಮೆರಿಕದಲ್ಲಿ ಇನ್ನು ಹತ್ತು ವರ್ಷ ಆಯುಸ್ಸು ಕಾಣುತ್ತಿದೆ ಎಂದು 2018ರಲ್ಲಿ ಅವರು ಟಿವಿ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಾಗ ಮುದ್ರಣದವರಿಗೆ ನೋವಾಗಿರಬೇಕು.

2020ರ ಎರಡನೇ ತ್ರೈಮಾಸಿಕದಲ್ಲಿ ನ್ಯೂಯಾರ್ಕ್ ಟೈಮ್ಸ್ ಚರಿತ್ರೆಯಲ್ಲಿ ಮೊದಲ ಬಾರಿಗೆ ಡಿಜಿಟಲ್ ಆದಾಯ ಮುದ್ರಣದ್ದನ್ನು ಮೀರಿತು. ಡಿಜಿಟಲ್ 18.5 ಕೋಟಿ ಡಾಲರ್, ಮುದ್ರಣ 17.5 ಕೋಟಿ. ಅವರು ಬಂದಾಗ ಆರು ಲಕ್ಷ ಚಿಲ್ಲರೆಯಷ್ಟಿದ್ದ ಡಿಜಿಟಲ್ ಚಂದಾ 57 ಲಕ್ಷ ಮುಟ್ಟಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ, ತಾವೇ 2013ರಲ್ಲಿ ಜಾಹೀರಾತು ವಿಭಾಗಕ್ಕೆ ಕರೆತಂದಿದ್ದ ಮೆರಿಡಿತ್ ಕೋಪಿಟ್ ಲೆವಿಯನ್ ಅವರಿಗೆ ಅಧಿಕಾರ ಕೊಟ್ಟು ಥಾಂಪ್ಸನ್ ಹೊರಟರು.

ಈ ಎಲ್ಲ ಅಂಕಿಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಅಮೆರಿಕದ ಊರೂರ ಪತ್ರಿಕೆಗಳು ವರದಿಗಾರರನ್ನು ಮನೆಗೆ ಕಳಿಸುತ್ತಿದ್ದ ವರ್ಷಗಳಲ್ಲಿ ಟೈಮ್ಸ್ ಸುದ್ದಿಮನೆ ಬೆಳೆದು 1,700 ಪತ್ರಕರ್ತರನ್ನು ದಾಟಿತು. ಬಿಬಿಸಿಯಲ್ಲಿ ಕತ್ತರಿ ಆಡಿಸಿದ ಅದೇ ಕೈ ಇಲ್ಲಿ ವರದಿಗಾರಿಕೆಗೆ ಹಣ ಸುರಿಯಿತು. ಕಾರಣ ಸರಳ. ಓದುಗ ಹಣ ಕೊಡುವುದು ವರದಿಗೆ. ವರದಿ ಬಡವಾದರೆ ಚಂದಾ ನಿಲ್ಲುತ್ತದೆ. ಜಾಹೀರಾತನ್ನೇ ನಂಬಿದ ಪತ್ರಿಕೆಗೆ ಈ ಭಯ ಇರುವುದಿಲ್ಲ, ಬರಹ ತೆಳುವಾದರೂ ಪುಟ ತುಂಬಿದರೆ ಆಯಿತು.

ಆ ಲೆಕ್ಕಕ್ಕೂ ಬಲಿಗಳಿದ್ದವು. 2017ರಲ್ಲಿ ಟೈಮ್ಸ್ ತನ್ನ ಕಾಪಿ ಡೆಸ್ಕನ್ನೇ ತೆಗೆಯಿತು. ಪ್ರತಿ ವಾಕ್ಯದ ತಪ್ಪು ಹುಡುಕುತ್ತಿದ್ದ, ಹೆಸರಿಲ್ಲದ, ಬೈಲೈನ್ ಇಲ್ಲದ ಜನ ಅವರು. ಜೂನ್ ಕೊನೆಯಲ್ಲಿ ನೂರಾರು ನೌಕರರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಕನ್ನಡ ಪತ್ರಿಕೆಗಳ ಡೆಸ್ಕಿನಲ್ಲಿ ರಾತ್ರಿಪಾಳಿ ಮಾಡಿದ ಯಾರಿಗಾದರೂ ಆ ನೋವು ಗೊತ್ತಾಗುತ್ತದೆ. ಅದೇ ಬೇಸಿಗೆಯಲ್ಲಿ ಓದುಗರ ಪರ ಸಂಪಾದಕರ ಹುದ್ದೆಯನ್ನೂ ಪ್ರಕಾಶಕ ಸುಲ್ಜ್‌ಬರ್ಗರ್ ರದ್ದು ಮಾಡಿದರು. ಓದುಗರ ಹಣದಿಂದಲೇ ನಡೆಯುವ ಪತ್ರಿಕೆ, ಓದುಗರ ಪರವಾಗಿ ಒಳಗಿಂದಲೇ ಪ್ರಶ್ನಿಸುವವರನ್ನು ಕಳುಹಿಸಿದ್ದು ಆ ದಶಕದ ಅತಿ ಕೆಟ್ಟ ನಿರ್ಧಾರ ಎಂದೇ ಹೇಳುತ್ತೇನೆ.

ಸಿಎನ್‌ಎನ್‌ನ ಒಣಗುತ್ತಿರುವ ಬಾವಿ

ಟೆಡ್ ಟರ್ನರ್ ಅಟ್ಲಾಂಟಾದಲ್ಲಿ 1980ರ ಜೂನ್ 1ರಂದು ಶುರುಮಾಡಿದ ಸಿಎನ್‌ಎನ್, ದಿನದ 24 ಗಂಟೆಯೂ ಸುದ್ದಿ ಎಂಬುದನ್ನು ಜಗತ್ತಿಗೆ ಕಲಿಸಿತು. ಭಾರತದಲ್ಲೂ 2005ರಲ್ಲಿ ಅದರ ಹೆಸರು ಹೊತ್ತ ಇಂಗ್ಲಿಷ್ ವಾಹಿನಿ ಬಂತು. ಅಮೆರಿಕದಲ್ಲಿ ಕೇಬಲ್ ಹಾಕಿಸಿಕೊಂಡ ಪ್ರತಿ ಮನೆಯಿಂದಲೂ, ಅವರು ಸಿಎನ್‌ಎನ್ ನೋಡಲಿ ಬಿಡಲಿ, ತಿಂಗಳಿಗಿಷ್ಟು ಎಂದು ಅದಕ್ಕೆ ಪಾಲು ಬರುತ್ತದೆ. ಅಂಥ ಮನೆಗಳು ಹತ್ತು ಕೋಟಿಯ ಆಸುಪಾಸು ಇದ್ದಾಗ ಚಿಂತೆ ಇರಲಿಲ್ಲ. ಜನ ಕೇಬಲ್ ಕಿತ್ತುಹಾಕತೊಡಗಿದ ಮೇಲೆ ತಳ ಕಾಣಿಸತೊಡಗಿತು.

ಥಾಂಪ್ಸನ್ 2023ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗುವ ಹೊತ್ತಿಗೆ ಅನಾಹುತಗಳು ಸಾಲುಗಟ್ಟಿದ್ದವು. 2022ರ ಫೆಬ್ರುವರಿಯಲ್ಲಿ ಮುಖ್ಯಸ್ಥ ಜೆಫ್ ಝುಕರ್ ರಾಜೀನಾಮೆ ಕೊಟ್ಟಿದ್ದರು. ಮಾರ್ಚಿನ ಕೊನೆಯಲ್ಲಿ ಭರ್ಜರಿಯಾಗಿ ಹೊರಟ 'ಸಿಎನ್‌ಎನ್ ಪ್ಲಸ್' ಎಂಬ ಚಂದಾ ಸೇವೆಯನ್ನು ಹೊಸ ಮಾಲೀಕರು ಒಂದೇ ತಿಂಗಳಲ್ಲಿ ಮುಚ್ಚಿಸಿದರು. ಮುಂದಿನ ಮುಖ್ಯಸ್ಥ ಕ್ರಿಸ್ ಲಿಕ್ಟ್ 2023ರ ಜೂನಿನಲ್ಲಿ ಪದಚ್ಯುತರಾದರು. ಅದೇ ತಿಂಗಳು ಬ್ರಿಟನ್ನಿನ ದೊರೆ ಥಾಂಪ್ಸನ್‌ಗೆ ಸರ್ ಪದವಿ ಕೊಟ್ಟಿದ್ದರು. ಅರವತ್ತಾರರ ವಯಸ್ಸಿಗೆ, ಬೇಕಿದ್ದರೆ ಮನೆಯಲ್ಲಿರಬಹುದಾಗಿದ್ದ ಮನುಷ್ಯ, ಅಂಥ ಮನೆಗೆ ಹೋದರು.

ಅಲ್ಲಿ ಅವರು ಮಾಡುತ್ತಿರುವುದು ಟೈಮ್ಸ್‌ನಲ್ಲಿ ಕಲಿತದ್ದನ್ನೇ. 2024ರ ಅಕ್ಟೋಬರಿನಲ್ಲಿ ಜಾಲತಾಣಕ್ಕೆ ತಿಂಗಳಿಗೆ 3.99 ಡಾಲರ್ ಚಂದಾ ಇಟ್ಟರು. 2025ರ ಜನವರಿಯಲ್ಲಿ ಟಿವಿ ಕಡೆಯ ಸುಮಾರು 200 ಹುದ್ದೆ ತೆಗೆದು, ಡಿಜಿಟಲ್ ಕಡೆಗೆ ಮಾತೃಸಂಸ್ಥೆಯಿಂದ 7 ಕೋಟಿ ಡಾಲರ್ ಹಣ ತಂದರು. ಅಕ್ಟೋಬರಿನಲ್ಲಿ ತಿಂಗಳಿಗೆ 6.99 ಡಾಲರಿನ ವಿಡಿಯೊ ಚಂದಾ ಸೇವೆ ಶುರುವಾಯಿತು. ಆ ಹೊತ್ತಿಗೆ ಮಾತೃಸಂಸ್ಥೆ ವಾರ್ನರ್ ಬ್ರದರ್ಸ್ ಡಿಸ್ಕವರಿಯೇ ಮಾರಾಟದ ಸಂತೆಗೆ ಬಂದಿತ್ತು. ವರ್ಷಾಂತ್ಯಕ್ಕೆ ಅದಕ್ಕಾಗಿ ನೆಟ್‌ಫ್ಲಿಕ್ಸ್ ಮತ್ತು ಪ್ಯಾರಮೌಂಟ್ ಪೈಪೋಟಿಗಿಳಿದವು. ಟೈಮ್ಸ್‌ಗೆ ಸುಲ್ಜ್‌ಬರ್ಗರ್ ಕುಟುಂಬದ ಬೆನ್ನೆಲುಬಿತ್ತು, ನಾಲ್ಕು ತಲೆಮಾರು ಮೀರಿದ ತಾಳ್ಮೆಯಿತ್ತು. ಸಿಎನ್‌ಎನ್‌ಗೆ ಅಂಥ ಒಡೆಯರಿಲ್ಲ. ಟೈಮ್ಸ್‌ನಲ್ಲಿ ಎಂಟು ವರ್ಷದಲ್ಲಿ ಆದದ್ದು ಇಲ್ಲಿ ಆಗುವುದು ಕಷ್ಟ ಎಂದು ನನಗನ್ನಿಸುವುದು ಅದಕ್ಕೇ. ಓದುವ ಪತ್ರಿಕೆಗೆ ಚಂದಾ ಕೊಡುವ ಅಭ್ಯಾಸ ಹಳೆಯದು, ಅವಸರದ ಸುದ್ದಿಯ ವಾಹಿನಿಗೆ ತಾನಾಗಿ ಹಣ ಕೊಟ್ಟವರು ಎಲ್ಲೂ ಕಡಿಮೆ.

ಸುದ್ದಿಗೆ ಯಾರು ಹಣ ಕೊಡಬೇಕು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ. ಸುದ್ದಿವಾಹಿನಿಗಳು ಜಾಹೀರಾತು ನಂಬಿವೆ, ಜಾಹೀರಾತು ಟಿಆರ್‌ಪಿ ನಂಬಿದೆ. ಆ ಅಳತೆಯೇ ಎಷ್ಟು ದುರ್ಬಲ ಎಂದರೆ, ಮುಂಬೈನ ಟಿಆರ್‌ಪಿ ಹಗರಣದ ಬಳಿಕ 2020ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತ್ತು. ಮುದ್ರಿತ ಪತ್ರಿಕೆಗಳ ಮುಖಬೆಲೆ ಕಾಗದದ ಖರ್ಚಿಗೂ ಸಾಲದು. 1999ರಲ್ಲಿ 'ವಿಜಯ ಕರ್ನಾಟಕ' ಬಂದ ಮೇಲೆ ನಡೆದ ದರಸಮರದಿಂದ ಪತ್ರಿಕೆ ಹೆಚ್ಚು ಮನೆ ತಲುಪಿದ್ದು ನಿಜ, ಓದುಗನ ಪಾಲು ಇನ್ನಷ್ಟು ತೆಳುವಾದದ್ದೂ ನಿಜ. ವಾಹಿನಿಗಳ ಗದ್ದಲದ ಬಗ್ಗೆ ನಾವು ಬೇಸರಪಡುತ್ತೇವೆ, ನಿರೂಪಕರನ್ನು ಬೈಯುತ್ತೇವೆ. ಅವರಿಗೆ ಸಂಬಳ ಕೊಡುತ್ತಿರುವವರು ನಾವಲ್ಲ, ಆದ್ದರಿಂದ ನಮ್ಮ ಬೇಸರ ಅವರಿಗೆ ತಟ್ಟುವುದೂ ಇಲ್ಲ.

ಬೇರೆ ದಾರಿ ಕನ್ನಡಕ್ಕೆ ಅಪರಿಚಿತವಲ್ಲ. ಸಿಎನ್‌ಎನ್ ಹುಟ್ಟಿದ ಅದೇ 1980ರಲ್ಲಿ ಬೆಂಗಳೂರಿನಲ್ಲಿ ಪಿ. ಲಂಕೇಶ್ ತಮ್ಮ 'ಲಂಕೇಶ್ ಪತ್ರಿಕೆ' ಹೊರಡಿಸಿದರು. ಒಂದೂ ಜಾಹೀರಾತು ಇಲ್ಲದೆ, ಓದುಗರು ವಾರವಾರ ಕೊಟ್ಟ ಹಣದಿಂದಲೇ ಅದು ನಡೆಯಿತು. ಮುಖ್ಯಮಂತ್ರಿಗಳನ್ನೂ ಮಂತ್ರಿಗಳನ್ನೂ ಹೆಸರು ಹಿಡಿದು ಪ್ರಶ್ನಿಸುವ ಎದೆಗಾರಿಕೆ ಅದಕ್ಕೆ ಬಂದದ್ದು ಆ ಹಣದಿಂದ. ಇವತ್ತು ಕನ್ನಡದಲ್ಲಿ ಸಣ್ಣ ತಂಡಗಳು ಕಟ್ಟಿದ ಸುದ್ದಿತಾಣಗಳಿವೆ, ಜಿಲ್ಲೆಗಳಲ್ಲಿ ಕಷ್ಟಪಟ್ಟು ಹೊರಬರುವ ಪತ್ರಿಕೆಗಳಿವೆ. ಸರ್ಕಾರಿ ಕಡತ ತಿರುವಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ ವರದಿ ಮಾಡುವವರು ಅಲ್ಲಿ ಕಡಿಮೆ ಸಂಬಳದಲ್ಲಿ ದುಡಿಯುತ್ತಿದ್ದಾರೆ. ನೀವು ನಂಬುವ ಒಂದನ್ನು ಆರಿಸಿಕೊಳ್ಳಿ, ಈ ತಿಂಗಳೇ ಅದಕ್ಕೆ ಚಂದಾ ಕಟ್ಟಿ.